ಹುಳು ಮನೆಗೆ ವೈರ್‌ಲೆಸ್ ತೇವಾಂಶ ಸೆನ್ಸರ್: 85 ಅಂದರೆ ನಿಜಕ್ಕೂ 85 ಆಗಬೇಕು

ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲು ಕಡೆಯ ರೇಷ್ಮೆ ಹುಳು ಮನೆಗಳಲ್ಲಿ ಗೋಡೆಗೆ ಒಂದು ಒಣ-ಒದ್ದೆ ಥರ್ಮಾಮೀಟರ್ (ಎರಡು ಕೊಳವೆಯದ್ದು, ಒಂದರ ಬಲ್ಬಿಗೆ ಒದ್ದೆ ಬತ್ತಿ ಸುತ್ತಿ ಎರಡರ ಅಂತರದಿಂದ ತೇವಾಂಶ ತಿಳಿಯುವಂಥದ್ದು) ತೂಗುತ್ತಿರುತ್ತದೆ. ಅದರ ಬತ್ತಿಗೆ ನೀರು ಹಾಕುವವರು ಮಾತ್ರ ಕಡಿಮೆ. ಬತ್ತಿ ಒಣಗಿದರೆ ಎರಡೂ ಕೊಳವೆ ಒಂದೇ ಅಂಕಿ ತೋರಿಸುತ್ತವೆ, ಅಂದರೆ ಲೆಕ್ಕಕ್ಕೆ ತೇವಾಂಶ ನೂರಕ್ಕೆ ನೂರು. ಅತ್ತ ತಟ್ಟೆಯಲ್ಲಿ ಸೊಪ್ಪು ಬಾಡುತ್ತಿರುತ್ತದೆ. ನಮ್ಮ ಕೊಳವೆಬಾವಿ ನೀರಿನ ಗಡಸುತನ ಇದಕ್ಕೆ ಇನ್ನೊಂದು ತೊಂದರೆ. ಬತ್ತಿಗೆ ಉಪ್ಪು ಕಟ್ಟಿ ನೀರು ಮೇಲೇರದೆ ಒದ್ದೆ ಬಲ್ಬ್ ಸರಿಯಾಗಿ ತಣ್ಣಗಾಗುವುದಿಲ್ಲ, ತೇವಾಂಶ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ಸುಮಾರು 700ರಿಂದ 800 ರೂಪಾಯಿಯಲ್ಲಿ ಒಂದು ವೈರ್‌ಲೆಸ್ ಸೆನ್ಸರ್ ಮಾಡಿಕೊಳ್ಳಬಹುದು. ಐದು ನಿಮಿಷಕ್ಕೊಮ್ಮೆ ಹುಳು ಮನೆಯ ಉಷ್ಣಾಂಶ, ತೇವಾಂಶ ಎರಡನ್ನೂ ಮನೆಯೊಳಗಿನ ಪುಟ್ಟ ಪರದೆಗೆ ಕಳಿಸುತ್ತದೆ, ಮಿತಿ ದಾಟಿದರೆ ಬಜರ್ ಕೂಗುತ್ತದೆ. ವೈರ್‌ಲೆಸ್ ಭಾಗ ಈಗ ಕಷ್ಟವೇ ಅಲ್ಲ, ಒಂದು ಭಾನುವಾರದ ಕೆಲಸ. ಪರದೆ ಮೇಲೆ 85 ಅಂತ ಬಂದಾಗ ಅದು 85 ಎಂದು ನಂಬುವ ಹಾಗೆ ಮಾಡುವುದೇ ಕಷ್ಟ. ಈ ಬರಹದ ಹೆಚ್ಚು ಪಾಲು ಅದಕ್ಕೇ ಹೋಗುತ್ತದೆ.

ಬೇಕಾದ ಅಂಕಿಗಳು ಹುಳು ಸಾಕುವವರಿಗೆ ಗೊತ್ತಿರುವವೇ. ಹುಳು ಬೆಳೆಯುವ ಐದು ಹಂತಗಳಲ್ಲಿ ಮೊದಲನೆಯದಕ್ಕೆ 28 ಡಿಗ್ರಿ, ತೇವಾಂಶ ಶೇ. 85ರಿಂದ 90. ಎರಡನೆಯದಕ್ಕೆ 27 ಮತ್ತು 85. ಮೂರಕ್ಕೆ 26 ಮತ್ತು 80, ನಾಲ್ಕಕ್ಕೆ 25 ಮತ್ತು 75, ಐದಕ್ಕೆ 24 ಮತ್ತು 70. ಹಣ್ಣಾದ ಹುಳು ಚಂದ್ರಂಕಿಗೆ (ಗೂಡು ಕಟ್ಟಲು ಇಡುವ ತಟ್ಟೆ) ಏರಿ ಗೂಡು ಕಟ್ಟುವಾಗ 24ರಿಂದ 25 ಡಿಗ್ರಿ, ತೇವಾಂಶ 60ರಿಂದ 65 ಸಾಕು. ಅಂದರೆ ಚಾಕಿಯಲ್ಲಿ (ಮೊದಲೆರಡು ಹಂತದ ಎಳೆ ಹುಳು ಸಾಕುವಾಗ) ಸೆನ್ಸರ್ ಕೆಲಸ ಮಾಡಬೇಕಾದ್ದು 80ರ ಮೇಲೆ. ಅಗ್ಗದ ಸೆನ್ಸರ್‌ಗಳು ಕೈಕೊಡುವುದೂ ಅಲ್ಲೇ.

ಯಾವ ಸೆನ್ಸರ್

ನೀಲಿ ಡಬ್ಬಿಯ ಡಿಎಚ್‌ಟಿ11 ಬೇಡ. ಉಷ್ಣಾಂಶದಲ್ಲಿ 2 ಡಿಗ್ರಿ, ತೇವಾಂಶದಲ್ಲಿ ಶೇ. 5 ಆಚೀಚೆ ಆಗಬಹುದು ಎಂದು ತಯಾರಿಸಿದವರೇ ಬರೆದಿರುತ್ತಾರೆ. 80 ದಾಟಿದ ಮೇಲೆ ಅದನ್ನು ನಂಬುವ ಹಾಗೂ ಇಲ್ಲ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಸರಿ, ಚಾಕಿ ಕೋಣೆಗೆ ಅಲ್ಲ.

ಬಿಳಿ ಡಬ್ಬಿಯ ಡಿಎಚ್‌ಟಿ22 ಕಾಗದದ ಮೇಲೆ ಚೆನ್ನಾಗಿದೆ: ಅರ್ಧ ಡಿಗ್ರಿ, ಶೇ. 2. ಆದರೆ ತಿಂಗಳುಗಟ್ಟಲೆ ತೇವದಲ್ಲಿಟ್ಟರೆ ಅಂಕಿ ಮೇಲಕ್ಕೆ ಜಾರುತ್ತದೆ. ಒಂದೇ ಅಂಗಡಿಯಿಂದ ತಂದ ಎರಡು ಪಕ್ಕಪಕ್ಕದಲ್ಲಿ ಬೇರೆ ಬೇರೆ ತೋರಿಸುವುದೂ ಉಂಟು. ಎರಡು ಸೆಕೆಂಡಿಗಿಂತ ಬೇಗ ಓದಲೂ ಆಗದು, ಬ್ಯಾಟರಿ ಮೇಲೆ ಓಡಿಸುವವರಿಗೆ ಅದೊಂದು ಅಡ್ಡಿ.

ಒಳ್ಳೆಯ ಆಯ್ಕೆ ಎಸ್‌ಎಚ್‌ಟಿ31. ತೇವಾಂಶದಲ್ಲಿ ಶೇ. 2, ಉಷ್ಣಾಂಶದಲ್ಲಿ ಸುಮಾರು 0.3 ಡಿಗ್ರಿ, ಒಮ್ಮೆ ಅಳೆಯಲು 15 ಮಿಲಿಸೆಕೆಂಡ್ ಸಾಕು. ಮಾಡ್ಯೂಲ್‌ಗೆ 300 ರೂಪಾಯಿ ಆಸುಪಾಸು. ಅಷ್ಟು ಬೇಡ ಎಂದರೆ ಎಎಚ್‌ಟಿ20, ಅದರ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತದೆ. ಐದನೇ ಹಂತದ ದೊಡ್ಡ ಹುಳು ಮನೆಗೆ ಅದು ಧಾರಾಳ ಸಾಕು.

ಬಿಎಂಇ280 ಎಂಬ ಇನ್ನೊಂದು ಸೆನ್ಸರ್ ಕೊಳ್ಳುವವರು ಒಂದು ಮೋಸ ಗಮನಿಸಿ. ಅದೇ ಹೆಸರಿನಲ್ಲಿ ಬಿಎಂಪಿ280 ಮಾರುವುದು ಮಾಮೂಲು. ಬಿಎಂಪಿಯಲ್ಲಿ ತೇವಾಂಶ ಅಳೆಯುವ ಭಾಗವೇ ಇಲ್ಲ. ಚಿಪ್ ಗುರುತಿನ ಸಂಖ್ಯೆ ಓದಿ ನೋಡಿ: ಹೆಕ್ಸ್ (ಹದಿನಾರರ ಎಣಿಕೆ) 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ತರುವವರು ವಾಪಸ್ ಕೊಡುವ ಮಾತನ್ನು ಮೊದಲೇ ಆಡಿಕೊಂಡರೆ ಒಳ್ಳೆಯದು.

ಉಳಿದ ಸಾಮಾನು, ಜೋಡಣೆ

ಪ್ರತಿ ನೋಡ್‌ಗೆ (ಹುಳು ಮನೆಯಲ್ಲಿ ತೂಗುವ ಸೆನ್ಸರ್ ಪೆಟ್ಟಿಗೆ) ವೈಫೈ ರೇಡಿಯೋ ಇರುವ ಒಂದು ಇಎಸ್‌ಪಿ8266 ಡಿ1 ಮಿನಿ ಬೋರ್ಡ್, ಒಂದು 18650 ಲಿಥಿಯಂ ಸೆಲ್ ಮತ್ತು ಅದರ ಹೋಲ್ಡರ್, ರಕ್ಷಣಾ ಸರ್ಕ್ಯೂಟ್ ಇರುವ ಟಿಪಿ4056 ಚಾರ್ಜರ್ ಬೋರ್ಡ್, 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, ಒಂದು 130 ಕಿಲೋಓಮ್ ರೆಸಿಸ್ಟರ್, ಎಲೆಕ್ಟ್ರಿಕಲ್ ಅಂಗಡಿಯ ನಾಲ್ಕಿಂಚಿನ ಪಿವಿಸಿ ಜಂಕ್ಷನ್ ಬಾಕ್ಸ್. ಸೆಲ್ ಮೇಲೆ 9900 ಮಿಲಿಆಂಪ್ ಅವರ್ ಅಂತ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಈ ಗಾತ್ರದ ಅಸಲಿ ಸೆಲ್ 3500ರ ಆಸುಪಾಸಿಗೇ ನಿಲ್ಲುತ್ತದೆ. ನಂಬಬಹುದಾದ 2600 ಒಂದು ತಂದರೆ ಸಾಕು.

ಸೆನ್ಸರ್‌ನ ಕ್ಲಾಕ್ (ಎಸ್‌ಸಿಎಲ್) ತಂತಿ ಡಿ1ಕ್ಕೆ, ಡೇಟಾ (ಎಸ್‌ಡಿಎ) ತಂತಿ ಡಿ2ಕ್ಕೆ, ವಿದ್ಯುತ್ 3.3 ವೋಲ್ಟ್ ಪಿನ್ನಿನಿಂದ. ಎಸ್‌ಎಚ್‌ಟಿ31ರ ವಿಳಾಸ ಹೆಕ್ಸ್ 44, ಎಎಚ್‌ಟಿ20ರದ್ದು 38. ಸ್ಕ್ಯಾನ್ ಮಾಡಿದಾಗ ಅದು ಕಾಣದಿದ್ದರೆ ಡಿ1, ಡಿ2 ತಂತಿ ಅದಲುಬದಲಾಗಿರುತ್ತದೆ, ಹತ್ತಕ್ಕೆ ಒಂಬತ್ತು ಸಲ ಅದೇ. ತಂತಿ ಒಂದು ಮೀಟರ್ ಒಳಗಿರಲಿ.

ಬ್ಯಾಟರಿ ಉಳಿಸಲು ಬೋರ್ಡ್ ಒಂದು ಅಳತೆಯಿಂದ ಇನ್ನೊಂದರವರೆಗೆ ನಿದ್ದೆ ಮಾಡುತ್ತದೆ. ಅದನ್ನು ಏಳಿಸಲು ಡಿ0 ಪಿನ್ನನ್ನು ಆರ್‌ಎಸ್‌ಟಿಗೆ (ರೀಸೆಟ್ ಪಿನ್) ಜೋಡಿಸಬೇಕು. ಇದನ್ನು ಬೆಸುಗೆ ಹಾಕಿಬಿಟ್ಟರೆ ಮುಂದೆ ಪ್ರೋಗ್ರಾಂ ಏರಿಸುವಾಗ ಬೋರ್ಡ್ ಸತಾಯಿಸುತ್ತದೆ. ಕಿತ್ತು ಹಾಕಬಹುದಾದ ಜಂಪರ್ ಇಡಿ. ಈ ತಂತಿಯನ್ನೇ ಮರೆತರೆ ನೋಡ್ ಒಂದೇ ಸಲ ಅಂಕಿ ಕಳಿಸಿ ಮಲಗುತ್ತದೆ, ಮತ್ತೆ ಏಳುವುದೇ ಇಲ್ಲ.

ಬ್ಯಾಟರಿಯ ಪ್ಲಸ್ ತಂತಿ ಬೋರ್ಡಿನ 5 ವೋಲ್ಟ್ ಪಿನ್ನಿಗೆ ಹೋಗಬೇಕು, 3.3ರ ಪಿನ್ನಿಗೆ ಅಲ್ಲ. ತುಂಬಿದ ಸೆಲ್ 4.2 ವೋಲ್ಟ್ ಇರುತ್ತದೆ, ಇಎಸ್‌ಪಿ ತಡೆಯುವುದು 3.6. ಕೆಪಾಸಿಟರನ್ನು 3.3 ಮತ್ತು ಗ್ರೌಂಡ್ ನಡುವೆ, ಬೋರ್ಡಿಗೆ ಅಂಟಿದಂತೆ ಹಾಕಿ. ರೇಡಿಯೋ ಕೂಗುವ ಕ್ಷಣದಲ್ಲಿ 300 ಮಿಲಿಆಂಪ್‌ನಷ್ಟು ಎಳೆಯುತ್ತದೆ. ಅರ್ಧ ಖಾಲಿಯಾದ ಸೆಲ್ ಆ ಹೊತ್ತಿಗೆ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಬೆಳಗಿನ ಜಾವ ಮಾತ್ರ ಸೆನ್ಸರ್ ಕಾಣೆಯಾಗುತ್ತದೆ ಎಂಬ ದೂರಿನ ಮೂಲ ಬಹಳ ಸಲ ಇದೇ, ತಣ್ಣಗಿನ ಸೆಲ್ ಇನ್ನೂ ಬೇಗ ಕುಸಿಯುತ್ತದೆ.

130 ಕಿಲೋಓಮ್ ರೆಸಿಸ್ಟರನ್ನು ಬ್ಯಾಟರಿ ಪ್ಲಸ್‌ನಿಂದ ಎ0 ಪಿನ್ನಿಗೆ ಹಾಕಿ. ಬೋರ್ಡಿನಲ್ಲಿ ಮೊದಲೇ ಇರುವ 220 ಮತ್ತು 100 ಕಿಲೋಓಮ್ ಜೊತೆ ಸೇರಿ 4.5 ವೋಲ್ಟ್‌ವರೆಗೆ ಅಳೆಯಬಹುದು. ಅದಕ್ಕೆ ವ್ಯರ್ಥವಾಗುವುದು 10 ಮೈಕ್ರೋಆಂಪ್ ಒಳಗೆ. 3.5 ವೋಲ್ಟ್‌ಗೆ ಇಳಿದರೆ ಚಾರ್ಜ್ ಮಾಡಿ.

ರೂಟರ್ ಬೇಡ, ಇಎಸ್‌ಪಿ-ನೌ ಸಾಕು

ಅಂಕಿಯನ್ನು ವೈಫೈ ಮೂಲಕ ನೇರ ಇಂಟರ್ನೆಟ್‌ಗೆ ಕಳಿಸುವುದು ಎಲ್ಲರೂ ಮೊದಲು ಮಾಡುವ ಪ್ರಯೋಗ. ಹಳ್ಳಿಯಲ್ಲಿ ಅದಕ್ಕೆ ಎರಡು ಅಡ್ಡಿ. ರೂಟರ್ ಮನೆಯೊಳಗೆ, ಹುಳು ಮನೆ ತೋಟದ ಕಡೆ. ಕರೆಂಟ್ ಹೋದರೆ ರೂಟರೂ ಹೋಯಿತು, ಫ್ಯಾನು ನಿಂತು ಒಳಗೆ ಬಿಸಿಯೇರುವುದೂ ಅದೇ ಹೊತ್ತಿಗೆ.

ಇಎಸ್‌ಪಿ-ನೌ ಎಂಬ ಪದ್ಧತಿಯಲ್ಲಿ ರೂಟರ್ ಇಲ್ಲದೆ ಬೋರ್ಡಿನಿಂದ ಬೋರ್ಡಿಗೆ ಮಾತಾಡಬಹುದು. ಒಂದು ಸಲಕ್ಕೆ 250 ಬೈಟ್ ಹೋಗುತ್ತದೆ, ನಮಗೆ ಬೇಕಾದದ್ದು ಹತ್ತು. ನೋಡ್ ಸಂಖ್ಯೆ, ಉಷ್ಣಾಂಶ, ತೇವಾಂಶ, ಬ್ಯಾಟರಿ ವೋಲ್ಟೇಜ್, ಎಷ್ಟನೇ ಸಂದೇಶ ಎಂಬ ಲೆಕ್ಕ. ದಶಮಾಂಶದ ತಾಪತ್ರಯ ಬೇಡವೆಂದರೆ 26.45 ಡಿಗ್ರಿಯನ್ನು 2645 ಎಂದು ಪೂರ್ಣಾಂಕವಾಗಿ ಕಳಿಸಿ. ಸಂದೇಶದ ಲೆಕ್ಕ ಬಿಡಬೇಡಿ. ಎಷ್ಟು ಸಂದೇಶ ನಡುವೆ ಕಳೆದುಹೋಯಿತು ಎಂದು ಆಮೇಲೆ ತಿಳಿಯುವುದು ಅದರಿಂದಲೇ.

ಬ್ಯಾಟರಿ ಲೆಕ್ಕ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಐದು ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 288 ಸಲ ಏಳುವುದು. ಇಎಸ್‌ಪಿ-ನೌ ಆದರೆ ಎದ್ದು, ಅಳೆದು, ಕಳಿಸಿ ಮಲಗಲು ಸುಮಾರು 0.3 ಸೆಕೆಂಡ್, ಸರಾಸರಿ 80 ಮಿಲಿಆಂಪ್. ದಿನಕ್ಕೆ ಸುಮಾರು 2 ಮಿಲಿಆಂಪ್ ಅವರ್. ನಿದ್ದೆಯಲ್ಲಿ ಡಿ1 ಮಿನಿ ಬೋರ್ಡ್ 150 ಮೈಕ್ರೋಆಂಪ್ ಎಳೆದರೆ ಅದು 3.6. ಒಟ್ಟು 5.6. ಸೆಲ್‌ನಿಂದ 2000 ಸಿಕ್ಕರೂ ಹೆಚ್ಚುಕಡಿಮೆ ಒಂದು ವರ್ಷ. ಅದೇ ವೈಫೈಗೆ ಸೇರಿ ಕಳಿಸಲು ಪ್ರತಿ ಸಲ 4 ಸೆಕೆಂಡ್ ಹಿಡಿದರೆ ದಿನಕ್ಕೆ 29, ಎರಡು ತಿಂಗಳಿಗೆ ಸೆಲ್ ಖಾಲಿ. ಇನ್ನು ಡಿ1 ಮಿನಿ ಬದಲು ಉದ್ದದ ನೋಡ್‌ಎಂಸಿಯು ಬೋರ್ಡ್ ಹಾಕಿದರೆ ಅದರ ರೆಗ್ಯುಲೇಟರ್ ಮತ್ತು ಯುಎಸ್‌ಬಿ ಚಿಪ್ ನಿದ್ದೆಯಲ್ಲೂ ಹಲವು ಮಿಲಿಆಂಪ್ ಕುಡಿಯುತ್ತವೆ. 8 ಮಿಲಿಆಂಪ್ ಎಂದರೂ ದಿನಕ್ಕೆ 192, ಹತ್ತೇ ದಿನ.

ಪ್ರೋಗ್ರಾಂ ಕ್ರಮ ಹೀಗಿರಲಿ. ಎದ್ದ ತಕ್ಷಣ ಸೆನ್ಸರ್ ಓದು, ರೇಡಿಯೋ ಆಮೇಲೆ. ವೈಫೈ ಸೆಟ್ಟಿಂಗ್ ಪ್ರತಿ ಸಲ ಫ್ಲ್ಯಾಶ್ ಮೆಮೊರಿಗೆ ಬರೆಯದಂತೆ ಪರ್ಸಿಸ್ಟೆಂಟ್ ಆಯ್ಕೆ ಆಫ್ ಮಾಡು, ಇಲ್ಲದಿದ್ದರೆ ಫ್ಲ್ಯಾಶ್ ಸವೆಯುತ್ತದೆ. ಕಳಿಸು, ತಲುಪಿದ ಉತ್ತರ ಬಾರದಿದ್ದರೆ ಮೂರು ಸಲ ಮಾತ್ರ ಪ್ರಯತ್ನಿಸಿ ಮಲಗು. ಉತ್ತರ ಬರುವವರೆಗೂ ಕಾಯುವ ಪ್ರೋಗ್ರಾಂ ಬರೆದರೆ ಮನೆಯೊಳಗೆ ಅಂಕಿ ಹಿಡಿಯುವ ರಿಸೀವರ್ ಒಂದು ರಾತ್ರಿ ಆಫ್ ಆದದ್ದಕ್ಕೆ ಎಲ್ಲ ನೋಡ್‌ಗಳೂ ಬ್ಯಾಟರಿ ಸುಟ್ಟುಕೊಂಡು ಕೂತಿರುತ್ತವೆ. ನಿದ್ದೆಯ ಅವಧಿಗೆ ಒಂದೆರಡು ಸೆಕೆಂಡ್ ಯಾದೃಚ್ಛಿಕವಾಗಿ ಸೇರಿಸಿ, ಎರಡು ನೋಡ್ ಒಟ್ಟಿಗೇ ಮಾತಾಡುವುದು ತಪ್ಪುತ್ತದೆ.

ರಿಸೀವರ್‌ಗೆ ಇಎಸ್‌ಪಿ32 ಬೋರ್ಡ್, 0.96 ಇಂಚಿನ ಓಎಲ್‌ಇಡಿ ಪರದೆ, ಒಂದು ಬಜರ್. ಮೊಬೈಲ್ ಪವರ್ ಬ್ಯಾಂಕ್ ಮೇಲೆ ಓಡಿಸಿದರೆ ಕರೆಂಟಿನ ಹಂಗಿಲ್ಲ. ಒಂದೇ ಸಲ ಅಂಕಿ ಮಿತಿ ದಾಟಿದ್ದಕ್ಕೆ ಬಜರ್ ಕೂಗಿಸಬೇಡಿ, ಸತತ ಮೂರು ಸಲ ದಾಟಿದರೆ ಕೂಗಲಿ. ಬಾಗಿಲು ತೆಗೆದು ಸೊಪ್ಪು ಹಾಕುವಾಗಲೆಲ್ಲ ಕೂಗಿದರೆ ಮೂರನೇ ದಿನಕ್ಕೆ ಯಾರೋ ಅದರ ತಂತಿ ಕಿತ್ತಿರುತ್ತಾರೆ. ಇಪ್ಪತ್ತು ನಿಮಿಷ ಸುದ್ದಿಯೇ ಇಲ್ಲದಿದ್ದರೂ ಕೂಗಬೇಕು. ಸತ್ತ ಸೆನ್ಸರಿನ ಕೊನೆಯ ಅಂಕಿ ಪರದೆ ಮೇಲೆ ಹಾಗೇ ನಿಂತಿದ್ದರೆ ಸೆನ್ಸರ್ ಇಲ್ಲದಿರುವುದಕ್ಕಿಂತ ಅಪಾಯ.

ಅಂಕಿಗಳು ಮೊಬೈಲಿಗೂ ಬರಲಿ ಎಂದು ಇದೇ ರಿಸೀವರನ್ನು ಮನೆಯ ವೈಫೈಗೂ ಸೇರಿಸುವವರು ಒಂದು ಗುಂಡಿಗೆ ಬೀಳುತ್ತಾರೆ. ರೂಟರಿಗೆ ಸೇರಿದ ಬೋರ್ಡ್ ರೂಟರಿನ ಚಾನೆಲ್‌ಗೇ ಹೋಗಿ ಕೂರುತ್ತದೆ. ನೋಡ್‌ಗಳು ಹಳೆಯ ಚಾನೆಲ್‌ನಲ್ಲಿ ಕೂಗುತ್ತಲೇ ಇರುತ್ತವೆ. ಆಟೋ ಚಾನೆಲ್ ಇಟ್ಟ ರೂಟರ್ ಕರೆಂಟ್ ಹೋಗಿ ಬಂದಾಗ ಚಾನೆಲ್ ಬದಲಿಸಬಹುದು. ನಿನ್ನೆವರೆಗೂ ಸರಿಯಿತ್ತು, ಕರೆಂಟ್ ಬಂದ ಮೇಲೆ ಸತ್ತುಹೋಯಿತು ಎಂಬುದರ ಗುಟ್ಟು ಇದು. ರೂಟರಿನಲ್ಲಿ 1, 6 ಅಥವಾ 11ಕ್ಕೆ ಚಾನೆಲ್ ಕಟ್ಟಿಹಾಕಿ, ನೋಡ್‌ಗಳಲ್ಲೂ ಅದನ್ನೇ ಬರೆಯಿರಿ. ಇಎಸ್‌ಪಿ32ರ ವೈಫೈ ನಿದ್ದೆ ಆಯ್ಕೆಯನ್ನೂ ಆಫ್ ಮಾಡಿ, ಇಲ್ಲದಿದ್ದರೆ ಅದು ತೂಕಡಿಸುವಾಗ ಬಂದ ಸಂದೇಶ ತಪ್ಪಿಹೋಗುತ್ತದೆ.

ದೂರದ ಮಾತು. ಗೋಡೆ ಒಂದೆರಡು ಇದ್ದರೆ 30ರಿಂದ 50 ಮೀಟರ್ ಎಂದುಕೊಳ್ಳಿ. ತಗಡಿನ ಶೀಟು, ಕಬ್ಬಿಣದ ಸ್ಟ್ಯಾಂಡು, ಹಸಿ ಸೊಪ್ಪಿನ ರಾಶಿ ಎಲ್ಲವೂ ಸಿಗ್ನಲ್ ತಿನ್ನುತ್ತವೆ. ಆಂಟೆನಾ ಇರುವ ಅಂಚು ಬಾಕ್ಸಿನಲ್ಲಿ ಸೆಲ್ ಮೇಲೆ ಬರದಂತೆ, ಸ್ಟ್ಯಾಂಡಿನ ಕಂಬಿಗೆ ತಾಗದಂತೆ ಕೂರಿಸಿ. ತೋಟ ಅರ್ಧ ಕಿಲೋಮೀಟರ್ ದೂರವಿದ್ದರೆ ಲೋರಾ ಎಂಬ ದೂರದ ರೇಡಿಯೋ ಬೇಕು. ಅದರಲ್ಲಿ 865ರಿಂದ 868 ಮೆಗಾಹರ್ಟ್ಸ್ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಪಟ್ಟಿ, ಮಾಡ್ಯೂಲ್ ಕೊಳ್ಳುವಾಗ ಅದಕ್ಕೆ ಹೊಂದುವುದನ್ನೇ ಕೇಳಿ.

ಸೆನ್ಸರ್ ಸುಳ್ಳು ಹೇಳುವುದು ಯಾವಾಗ

ಉಷ್ಣಾಂಶದಲ್ಲಿ ಒಂದು ಡಿಗ್ರಿ ತಪ್ಪಿದರೆ ತೇವಾಂಶದಲ್ಲಿ ಐದು ತಪ್ಪುತ್ತದೆ. ಸಾಪೇಕ್ಷ ತೇವಾಂಶ ಎಂದರೆ ಆ ಉಷ್ಣಾಂಶದ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ. 26 ಡಿಗ್ರಿ ಗಾಳಿಯಲ್ಲಿ ಶೇ. 85 ಇದ್ದದ್ದು, ಅದೇ ನೀರಾವಿ ಇಟ್ಟುಕೊಂಡು 27 ಡಿಗ್ರಿ ಆದರೆ 80 ಆಗಿರುತ್ತದೆ. ಹಾಗಾಗಿ ಸೆನ್ಸರನ್ನು ಬೋರ್ಡಿನ ಜೊತೆ ಒಂದೇ ಬಾಕ್ಸಿನೊಳಗೆ ಮುಚ್ಚಿಟ್ಟರೆ ಬೋರ್ಡಿನ ಬಿಸಿಯೇ ಅಂಕಿ ಕೆಡಿಸುತ್ತದೆ. ಸೆನ್ಸರ್ ಹೊರಗೆ, 20 ಸೆಂಟಿಮೀಟರ್ ತಂತಿಯ ತುದಿಯಲ್ಲಿ, ಬಾಯಿ ಕೆಳಗಾದ ಪಿವಿಸಿ ಎಲ್ಬೋ ಒಳಗಿರಲಿ. ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಇರುವೆಗೆ ಬೆಚ್ಚಗಿನ ಜಾಗ ಎಂದರೆ ಬಲು ಇಷ್ಟ.

ಬೋರ್ಡಿಗೆ ತೇವ ತಾಗದಿರಲಿ ಎಂದು ನೇಲ್ ಪಾಲಿಶ್ ಬಳಿಯುವುದು ಒಳ್ಳೆಯ ಅಗ್ಗದ ಉಪಾಯವೇ. ಆದರೆ ಸೆನ್ಸರ್ ಜೋಡಿಸುವ ಮೊದಲು ಬಳಿದು, ಒಂದು ದಿನ ಒಣಗಿಸಿ. ಅದರ ಆವಿ ತೇವಾಂಶದ ಪದರಕ್ಕೆ ವಿಷ. ಹುಳಿ ವಾಸನೆಯ ಸಿಲಿಕೋನ್ ಅಂಟಿಗೂ ಇದೇ ಮಾತು. ಹಾಟ್ ಗ್ಲೂ ಆದರೆ ತೊಂದರೆಯಿಲ್ಲ.

ಪರೀಕ್ಷೆಗೆ ಅಡುಗೆಮನೆಯ ಪುಡಿ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಹನಿ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದ ಮಾಡಿ. ಕರಗಿ ನೀರಾಗಬಾರದು. ಸೆನ್ಸರಿಗೆ ಉಪ್ಪು ತಾಗದಂತೆ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು 12 ಗಂಟೆ ಬಿಡಿ. ಒಳಗಿನ ತೇವಾಂಶ 25 ಡಿಗ್ರಿಯಲ್ಲಿ ಶೇ. 75.3ಕ್ಕೆ ನಿಲ್ಲುತ್ತದೆ, 20ರಿಂದ 30 ಡಿಗ್ರಿವರೆಗೂ ಹೆಚ್ಚು ಬದಲಾಗುವುದಿಲ್ಲ. ಸೆನ್ಸರ್ 78 ತೋರಿಸಿದರೆ ಪ್ರೋಗ್ರಾಂನಲ್ಲಿ 2.7 ಕಳೆಯಿರಿ. ಐದಕ್ಕಿಂತ ಹೆಚ್ಚು ತಪ್ಪಿದ್ದರೆ ತಿದ್ದುವ ಗೋಜು ಬೇಡ, ಬೇರೆ ಸೆನ್ಸರ್ ಹಾಕಿ. ಕಲ್ಲುಪ್ಪು ಬಳಸಬೇಡಿ, ಅದರಲ್ಲಿರುವ ಮೆಗ್ನೀಸಿಯಂ ಅಂಕಿಯನ್ನು ಕೆಳಗೆಳೆಯುತ್ತದೆ. ಚಾಕಿ ಕೋಣೆಗೆ ಇನ್ನೂ ಹತ್ತಿರದ ಪರೀಕ್ಷೆ ಬೇಕಾದರೆ ಪೊಟ್ಯಾಸಿಯಂ ಕ್ಲೋರೈಡ್ 25 ಡಿಗ್ರಿಯಲ್ಲಿ ಶೇ. 84.3 ಕೊಡುತ್ತದೆ. ಮನೆಯಲ್ಲಿ ಪೊಟ್ಯಾಷ್ ಗೊಬ್ಬರ ಇದೆಯಲ್ಲ ಎಂದು ಕೇಳಬಹುದು. ಅದು ಅಷ್ಟು ಶುದ್ಧವಲ್ಲ, ಪ್ರಯೋಗಾಲಯದ್ದೇ ಬೇಕು.

ಗೋಡೆಯ ಥರ್ಮಾಮೀಟರಿನ ಜೊತೆಗೂ ಹೋಲಿಸಿ. ಬತ್ತಿ ಬದಲಿಸಿ, ಶುದ್ಧ ಕುಡಿಯುವ ನೀರಿನ ಘಟಕದ ನೀರು ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿ. ಒಣ 26, ಒದ್ದೆ 24 ಇದ್ದರೆ ತೇವಾಂಶ 85ರ ಹತ್ತಿರ.

ನೋಡ್ ತೂಗುಹಾಕುವ ಜಾಗ ಸ್ಟ್ಯಾಂಡಿನ ನಡುವಿನ ಅಂತಸ್ತಿನ ಎತ್ತರ, ಬಾಗಿಲಿನಿಂದ ದೂರ. ಕಲ್ನಾರು ಶೀಟಿನ ಕೆಳಗೆ ಕಟ್ಟಿದರೆ ಏಪ್ರಿಲ್ ಮಧ್ಯಾಹ್ನ ಛಾವಣಿಯ ಬಿಸಿ ಅಳೆದಂತಾಯಿತು, ಹುಳುವಿನದ್ದಲ್ಲ. ದೊಡ್ಡ ಮನೆಗೆ ಕೆಳ ಅಂತಸ್ತಿಗೊಂದು, ಮೇಲಿನದಕ್ಕೊಂದು ಇಟ್ಟರೆ ಎರಡರ ನಡುವಿನ ಅಂತರವೂ ಗೊತ್ತಾಗುತ್ತದೆ. ಫಾಗರ್ (ಮಂಜಿನಂತೆ ನೀರು ಚಿಮ್ಮುವ ಯಂತ್ರ) ಎದುರು ಬೇಡ. ಹನಿ ಬಿದ್ದ ಸೆನ್ಸರ್ ಒಣಗುವವರೆಗೆ 100ರಲ್ಲೇ ಅಂಟಿಕೊಂಡಿರುತ್ತದೆ. ಗಡಸು ನೀರಿನ ಫಾಗರ್ ಆದರೆ ಬಿಳಿ ಪುಡಿಯೂ ಕೂರುತ್ತದೆ.

ಅಂಕಿ ಓದುವಾಗ ಒಂದು ಎಚ್ಚರ. ಸೆನ್ಸರ್ ಹೇಳುವುದು ಕೋಣೆಯ ಗಾಳಿ, ಹುಳು ಇರುವ ಸೊಪ್ಪಿನ ಹಾಸಿಗೆಯ ಒಳಗಿನದ್ದಲ್ಲ. ಸೊಪ್ಪು ದಪ್ಪಗೆ ಬಿದ್ದ ಹಾಸಿಗೆಯಲ್ಲಿ ತೇವ ಕೋಣೆಗಿಂತ ಹೆಚ್ಚೇ ಇರುತ್ತದೆ. ಹುಳು ಜ್ವರಕ್ಕೆ (ಪೊರೆ ಬಿಡಲು) ಕೂತಾಗ ಹಾಸಿಗೆ ಒಣಗಿರಬೇಕು, ಆಗ ಪರದೆಯ ಅಂಕಿ ಕಡಿಮೆ ಕಂಡಿತೆಂದು ಗೋಣಿತಾಟು ಒದ್ದೆ ಮಾಡಲು ಓಡಬೇಡಿ. ಬಜರ್ ಮಿತಿಯನ್ನು ಹಂತಕ್ಕೆ ತಕ್ಕಂತೆ ಬದಲಿಸುವ ಒಂದು ಗುಂಡಿ ರಿಸೀವರಿಗೆ ಇಟ್ಟುಬಿಡಿ, ಜ್ವರಕ್ಕೆ ಬೇರೆಯೇ ಒಂದು ಸ್ಥಾನ ಇರಲಿ. ಐದನೇ ಹಂತದಲ್ಲಿ 70 ಉಳಿಸಿಕೊಳ್ಳಲು ಕಿಟಕಿ ಮುಚ್ಚುವುದೂ ತಪ್ಪು. ಆಗ ಗಾಳಿಯಾಟ ಮುಖ್ಯ, ಉಸಿರುಗಟ್ಟಿದ್ದನ್ನು ಈ ಸೆನ್ಸರ್ ಹೇಳಲಾರದು. ಇದ್ದಿಲು ಒಲೆ ಇಡುವ ಚಳಿಗಾಲದಲ್ಲಂತೂ ಇದು ನೆನಪಿರಲಿ.

ಚಾಕಿ ಕೋಣೆಯಲ್ಲಿ ಎರಡು ಮೂರು ದಿನ ಬಿಡದೆ 80ರ ಮೇಲಿದ್ದರೆ ಎಸ್‌ಎಚ್‌ಟಿ31 ಕೂಡ ಮೂರರಷ್ಟು ಹೆಚ್ಚು ತೋರಿಸಲು ಶುರುಮಾಡಬಹುದು. ಕೆಟ್ಟಿತು ಎಂದಲ್ಲ, ಸಾಮಾನ್ಯ ಕೋಣೆಯಲ್ಲಿಟ್ಟರೆ ನಿಧಾನಕ್ಕೆ ತಾನೇ ಸರಿಹೋಗುತ್ತದೆ. ಎರಡು ಸೆನ್ಸರ್ ಇಟ್ಟುಕೊಂಡು ಬೆಳೆಯಿಂದ ಬೆಳೆಗೆ ಅದಲುಬದಲು ಮಾಡುವುದು ಸುಲಭದ ದಾರಿ.

ನಿಜವಾಗಿ ಕೆಡಿಸುವುದು ಸೋಂಕು ನಿವಾರಣೆ. ಬ್ಲೀಚಿಂಗ್ ಪೌಡರ್, ಕ್ಲೋರಿನ್ ಡೈಆಕ್ಸೈಡ್, ಫಾರ್ಮಲಿನ್, ಯಾವುದನ್ನೇ ಸಿಂಪಡಿಸಿದರೂ ಅದರ ಆವಿ ಸೆನ್ಸರಿನ ಪದರದೊಳಗೆ ಇಳಿಯುತ್ತದೆ, ಕ್ಲೋರಿನ್ ಆದರೆ ಬೋರ್ಡಿನ ತಾಮ್ರವನ್ನೂ ತಿನ್ನುತ್ತದೆ. ಹಾಸಿಗೆಗೆ ಎರಚುವ ಸುಣ್ಣದ ಪುಡಿ ಸೊಳ್ಳೆಪರದೆಯ ಕಣ್ಣು ಮುಚ್ಚಿ ಅಂಕಿಯನ್ನು ಜಡ ಮಾಡುತ್ತದೆ. ಮೃದು ಬ್ರಷ್‌ನಿಂದ ಎಲ್ಬೋ ಬಾಯಿ ಒರೆಸಿದರೆ ಸಾಕು, ಸೆನ್ಸರಿನ ಕಿಂಡಿ ಮುಟ್ಟಬೇಡಿ. ಗೂಡು ಬಿಡಿಸಿ ಮಾರುಕಟ್ಟೆಗೆ ಹೊರಟ ದಿನವೇ ನೋಡ್ ಬಿಚ್ಚಿ ಮನೆಗೆ ತನ್ನಿ. ತೊಳೆದು, ಸಿಂಪಡಿಸಿ, ಬಾಗಿಲು ತೆರೆದು ವಾಸನೆ ಪೂರ್ತಿ ಹೋದ ಮೇಲೆ ಒಂದು ರಾತ್ರಿ ಉಪ್ಪಿನ ಡಬ್ಬಿಯಲ್ಲಿಟ್ಟು, 75 ತೋರಿಸಿದರೆ ಮಾತ್ರ ವಾಪಸ್ ತೂಗುಹಾಕಿ.